ಮುತ್ತಜ್ಜಿಯ ತವರು ಹುಡುಕಿಕೊಂಡು

ಮುತ್ತಾತನ ಹೆಸರು ಕೇಳಿದರೆ ಯಾರಾದರೂ ಹೇಳಿಬಿಡುತ್ತಾರೆ. ಆಸ್ತಿ ಕಾಗದದಲ್ಲೋ, ಶ್ರಾದ್ಧದ ಸಂಕಲ್ಪದಲ್ಲೋ, ಮೊಮ್ಮಗನಿಗೆ ಇಟ್ಟ ಹೆಸರಿನಲ್ಲೋ ಅದು ಉಳಿದಿರುತ್ತದೆ. ಮುತ್ತಜ್ಜಿಯ ಹೆಸರು? ಅದೂ ಅಮ್ಮನ ಕಡೆಯ ಮುತ್ತಜ್ಜಿಯದು? ಅವಳ ತವರು ಯಾವುದು, ಅವಳು ಹುಟ್ಟಿದ ಮನೆ ಎಲ್ಲಿತ್ತು ಅಂತ ಕೇಳಿದರೆ ನಮ್ಮಲ್ಲಿ ಎಷ್ಟೋ ಜನ ಮುಖ ಮುಖ ನೋಡಿಕೊಳ್ಳುತ್ತೇವೆ.

ಸ್ವತಂತ್ರ ಭಾರತದ ಮೊದಲ ಚುನಾವಣೆಗೆ, ಅಂದರೆ ೧೯೫೧-೫೨ರಲ್ಲಿ, ಮತದಾರರ ಪಟ್ಟಿಯಿಂದ ಸುಮಾರು ೨೮ ಲಕ್ಷ ಹೆಂಗಸರು ಬಿಟ್ಟುಹೋದರು. ಕಾರಣ ಇಷ್ಟೇ, ಅವರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವನ ತಾಯಿ ಅಂತ ಬರೆಸಿದ್ದರು. ಇದು ಹೆಚ್ಚಾಗಿ ನಡೆದದ್ದು ಉತ್ತರದ ರಾಜ್ಯಗಳಲ್ಲಿ. ಆದರೆ ನಮ್ಮ ಕಡೆ ಏನು ಕಮ್ಮಿ? ನಮ್ಮ ಸೋದರಮಾವ ಬರೆಸಿಟ್ಟ ವಂಶವೃಕ್ಷದಲ್ಲಿ ಏಳು ತಲೆಮಾರಿನ ಗಂಡಸರಿದ್ದಾರೆ, ಮುತ್ತಜ್ಜಿ ಇರುವ ಕಡೆ ‘ಪತ್ನಿ’ ಅಂತ ಮಾತ್ರ ಇದೆ.

ಈ ಮುತ್ತಜ್ಜಿ ನಮ್ಮ ಅಮ್ಮನಿಗೆ ಅಜ್ಜಿ, ತಾಯಿಯ ತಾಯಿ. ಆರೇಳು ವರ್ಷದ ಹುಡುಗಿಯಾಗಿದ್ದಾಗ ಊರಿಗೆ ಪ್ಲೇಗ್ ಬಂತು. ಅಪ್ಪ ಅಮ್ಮ ಇಬ್ಬರೂ ಹೋದರು. ಅವಳ ಸೋದರಮಾವ ಬಂದು ಎತ್ತಿನ ಗಾಡಿಯಲ್ಲಿ ಕರೆದುಕೊಂಡು ಹೋಗಿ ಸಾಕಿ, ಮದುವೆ ಮಾಡಿಕೊಟ್ಟ. ಅವನೂ ತೀರಿಕೊಂಡ ಮೇಲೆ ಗೌರಿ ಹಬ್ಬಕ್ಕೆ ಬಾಗಿನ ಕಳಿಸುವವರಿಲ್ಲ, ಮಡಿಲಕ್ಕಿ ತುಂಬುವವರಿಲ್ಲ. ಅತ್ತೆಮನೆಯಲ್ಲಿ ‘ಊರಿಲ್ಲದೋಳು’ ಅಂತಲೇ ಅಡ್ಡಹೆಸರು. ಅವಳ ಊರು ಎಂಬುದೊಂದು ಇತ್ತೋ ಇಲ್ಲವೋ, ಎಲ್ಲೋ ದಾರಿಯಲ್ಲಿ ಸಿಕ್ಕಿದ ಮಗು ಇರಬೇಕು ಅಂತಲೂ ನಾದಿನಿಯರು ಆಡಿಕೊಂಡರಂತೆ.

ನಮ್ಮ ಅಮ್ಮನಿಗೆ ಈಗ ೮೬. ಈ ಮಾತು ನೂರು ವರ್ಷದ ಹಿಂದಿನದಾದರೂ ಅವಳಿಗೆ ನಿನ್ನೆ ಕೇಳಿದ ಹಾಗೆ. ಹೋದ ವರ್ಷ ಮೊಣಕಾಲು ನೋವು ಜಾಸ್ತಿಯಾದಾಗ, “ಕಾಲು ಪೂರ್ತಿ ಹೋಗೋದರೊಳಗೆ ನಮ್ಮಜ್ಜಿ ಜಗುಲಿ ಒಂದ್ಸಲ ತೋರಿಸ್ಬಿಡೇ” ಅಂದಳು. ಯಾವ ಜಗುಲಿ, ಎಲ್ಲಿಯ ಜಗುಲಿ! ಆದರೂ ಅಮ್ಮ ಕೇಳಿದ್ದು ಒಂದೇ ಒಂದು. ನಾನು ಹೂಂ ಅಂದೆ.

ಮೊದಲು ನೆನಪಾದದ್ದು ಜನಗಣತಿ. ಇಂಗ್ಲೆಂಡಿನಲ್ಲಿರುವ ನಮ್ಮ ಓರಗಿತ್ತಿಯ ಮಗಳು ಹೇಳಿದ್ದಳು. ಅಲ್ಲಿ ನೂರು ವರ್ಷ ತುಂಬಿದ ಮೇಲೆ ಮನೆಮನೆಯ ಗಣತಿ ಹಾಳೆಗಳನ್ನು ಸಾರ್ವಜನಿಕರಿಗೆ ಬಿಡುತ್ತಾರೆ, ೧೯೨೧ರ ಹಾಳೆಗಳು ೨೦೨೨ರ ಜನವರಿಯಲ್ಲಿ ಹೊರಬಂದವು. ಅವಳ ಪಕ್ಕದ ಮನೆಯಾಕೆ ತನ್ನ ಮುತ್ತಜ್ಜಿ ಯಾವ ಬೀದಿಯ ಎಷ್ಟನೇ ನಂಬರಿನ ಮನೆಯಲ್ಲಿದ್ದಳು ಅಂತ ಕೂತಲ್ಲೇ ನೋಡಿಬಿಟ್ಟಳಂತೆ. ನಮ್ಮಲ್ಲಿ ಅದಾಗದು. ೧೯೪೮ರ ಗಣತಿ ಕಾಯ್ದೆಯ ಪ್ರಕಾರ ಒಬ್ಬೊಬ್ಬರ ವಿವರ ಗುಟ್ಟಿನದು, ಯಾರಿಗೂ ತೋರಿಸುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿಯೂ ನಡೆಯದು. ಅದಕ್ಕೂ ಹಿಂದಿನ ಹಾಳೆಗಳಂತೂ ಲೆಕ್ಕ ಕೂಡಿಸಿದ ಮೇಲೆ ಉಳಿಯಲೇ ಇಲ್ಲ. ನಮಗೆ ಸಿಗುವುದು ಊರಿನ ಲೆಕ್ಕ. ಯಾವ ಊರು, ಎಷ್ಟು ವಿಸ್ತೀರ್ಣ, ಎಷ್ಟು ಮನೆ, ಎಷ್ಟು ಗಂಡು, ಎಷ್ಟು ಹೆಣ್ಣು. ಜಿಲ್ಲೆಗೊಂದು ಗಣತಿ ಕೈಪಿಡಿಯಿದೆ. ಹಳೆಯವನ್ನೂ ಗಣತಿ ಇಲಾಖೆ ಜಾಲತಾಣದಲ್ಲಿ ಹಾಕಿದೆ, ದುಡ್ಡು ಕೊಡಬೇಕಾಗಿಲ್ಲ. ಮಗಳು ತುಮಕೂರು ಜಿಲ್ಲೆಯ ೧೯೬೧ರ ಪುಸ್ತಕ ತೆಗೆದುಕೊಟ್ಟಳು.

ತುಮಕೂರೇ ಯಾಕೆ ಅಂತೀರೋ? ಅಮ್ಮನ ಬಾಯಲ್ಲಿ ಊರಿನ ಹೆಸರೊಂದಿತ್ತು, ಜೊತೆಗೆ ಮೂರು ಮಾತು. “ಅಪ್ಪ ಕುಣಿಗಲಿಗೆ ಗಾಡಿ ಕಟ್ಟಿದರೆ ಕತ್ತಲಾಗೋದರೊಳಗೆ ವಾಪಸ್ಸು.” “ಪೂರ್ವಕ್ಕೆ ಬಾಗಿಲು, ಜಗುಲೀಲಿ ಕೂತರೆ ಗಣೇಶ ಕಾಣ್ತಾನೆ.” “ಎಡಗಡೆ ಮಾರಮ್ಮ, ಎದುರಿಗೆ ಬಾವಿ, ಕೊಡ ಇಟ್ಕೊಂಡು ಇಪ್ಪತ್ತು ಹೆಜ್ಜೆ.” ಮುತ್ತಜ್ಜಿ ಇವನ್ನು ಮೊಮ್ಮಕ್ಕಳಿಗೆ ಮಲಗುವಾಗ ಮಗ್ಗಿ ಹೇಳಿದ ಹಾಗೆ ಹೇಳುತ್ತಿದ್ದಳಂತೆ.

ಗಣೇಶ ಅಂದದ್ದಕ್ಕೆ ನಮ್ಮ ಮಾವಂದಿರೆಲ್ಲ ಗೂಳೂರಿನ ಗಣಪತಿ ಅಂತ ತೀರ್ಮಾನಿಸಿದ್ದರು. ಅವನು ಹೆಸರಾಂತ ಮಣ್ಣಿನ ಗಣಪ, ಬಲಿಪಾಡ್ಯಮಿಯಿಂದ ಕಾರ್ತೀಕ ಪೂರ್ತಿ ಪೂಜೆ. ಆದರೆ ದೇವಸ್ಥಾನದ ಒಳಗೆ ಕೂತ ಗಣಪ, ಅದೂ ಎರಡು ತಿಂಗಳಲ್ಲಿ ನೀರಿಗೆ ಹೋಗುವವನು, ವರ್ಷವೆಲ್ಲ ಯಾರದೋ ಜಗುಲಿಗೆ ಕಾಣುವುದೆಂತು? ಗಂಡಸರು ಜಗುಲಿಯಲ್ಲಿ ಕೂತು ಎಲೆಅಡಿಕೆ ಹಾಕುತ್ತಾರೆ ಅಷ್ಟೆ, ಅಲ್ಲಿಂದ ಏನು ಕಾಣುತ್ತೆ ಅಂತ ನೋಡುವುದಿಲ್ಲ! ನನಗೆ ಹೊಳೆದದ್ದು ಶಿವಗಂಗೆ ಬೆಟ್ಟ. ಅದನ್ನು ಪೂರ್ವದಿಂದ ನೋಡಿದರೆ ನಂದಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಬಿಚ್ಚಿದ ಸರ್ಪ, ಪಶ್ಚಿಮದಿಂದ ನೋಡಿದರೆ ಗಣಪತಿ ಅನ್ನುತ್ತಾರಲ್ಲ? ಹಾಗಾದರೆ ಪೂರ್ವಕ್ಕೆ ಮುಖಮಾಡಿದ ಜಗುಲಿಗೆ ಗಣೇಶ ಕಾಣಬೇಕಾದರೆ ಊರು ಬೆಟ್ಟದ ಪಶ್ಚಿಮಕ್ಕೇ ಇರಬೇಕು. ಪಶ್ಚಿಮಕ್ಕೆ ಅಂದರೆ ತುಮಕೂರು, ಕುಣಿಗಲ್ ತಾಲ್ಲೂಕು.

ಕೈಪಿಡಿಯಲ್ಲಿ ಆ ಎರಡು ತಾಲ್ಲೂಕಿನ ಊರುಗಳನ್ನು ಒಂದೊಂದಾಗಿ, ಮಧ್ಯಾಹ್ನ ಅಡಿಗೆಮನೆ ಕೆಲಸ ಮುಗಿದ ಮೇಲೆ, ನಾಲ್ಕು ದಿನ ಓದಿದೆ. ಅದೇ ಹೆಸರಿನವು ನಾಲ್ಕು ಸಿಕ್ಕಿದವು. ನಮ್ಮ ಹಳ್ಳಿಗಳಿಗೆ ಹೆಸರಿನ ಬರ ನೋಡಿ, ಹೊಸಹಳ್ಳಿ, ಕೋಡಿಹಳ್ಳಿ, ಪಾಳ್ಯ ಅಂತ ಎಲ್ಲೆಲ್ಲೂ ಅವೇ. ಮೂರರ ಮುಂದೆ ಮನೆ, ಜನ, ಓದುಬರಹ ಬಲ್ಲವರು ಎಲ್ಲ ಲೆಕ್ಕ ಇತ್ತು. ನಾಲ್ಕನೆಯದರ ಮುಂದೆ ವಿಸ್ತೀರ್ಣ ಮಾತ್ರ. ಮನೆ ಮತ್ತು ಜನ ಇರಬೇಕಾದ ಕಡೆ ‘ನಿರ್ಜನ’ ಅನ್ನುವ ಅರ್ಥದ ಒಂದು ಇಂಗ್ಲಿಷ್ ಮಾತು.

ಕಂದಾಯ ಇಲಾಖೆಯಲ್ಲಿ ಇಂಥ ಊರಿಗೆ ಬೇಚರಾಕ್ ಗ್ರಾಮ ಅನ್ನುತ್ತಾರೆ. ಪಾರಸಿ ಮಾತು. ‘ಬೇ’ ಅಂದರೆ ಇಲ್ಲದ, ‘ಚಿರಾಗ್’ ಅಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು. ಜನ ಹೋದರೂ ಊರಿನ ಹೆಸರು, ಗಡಿ, ಸರ್ವೆ ನಂಬರು ಎಲ್ಲ ದಾಖಲೆಯಲ್ಲಿ ಹಾಗೇ ಇರುತ್ತದೆ, ಅಲ್ಲಿನ ಹೊಲದ ಪಹಣಿ ಇವತ್ತೂ ಆ ಊರಿನ ಹೆಸರಿನಲ್ಲೇ ಬರುತ್ತದೆ. ಬರ, ಜ್ವರ, ಕಳ್ಳಕಾಕರ ಕಾಟ, ನೀರಿನ ಬವಣೆ, ಹೀಗೆ ಊರು ಬೇಚರಾಕ್ ಆಗಲು ಕಾರಣ ಹಲವು. ನಮ್ಮ ಮುತ್ತಜ್ಜಿಯ ಕಾಲಕ್ಕೆ ಪ್ಲೇಗ್. ೧೮೯೬ರಲ್ಲಿ ಬೊಂಬಾಯಿಗೆ ಬಂದದ್ದು ರೈಲು ಹತ್ತಿ ೧೮೯೮ರ ಆಗಸ್ಟಿಗೆ ಬೆಂಗಳೂರು ಮುಟ್ಟಿತು. ಆಮೇಲೆ ವರ್ಷ ವರ್ಷವೂ ಮೈಸೂರು ಸೀಮೆಯ ಹಳ್ಳಿಗಳನ್ನು ಸುತ್ತಿತು. ಅಟ್ಟದಿಂದ ಇಲಿ ಬಿದ್ದರೆ ಸಾಕು, ಮನೆಗೆ ಬೀಗ ಹಾಕಿ ಹೊಲದಲ್ಲಿ ಸೋಗೆ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಕೆಲವು ಊರಿನವರು ವಾಪಸ್ಸು ಬರಲೇ ಇಲ್ಲ.

ಆ ಪುಟವನ್ನು ಅಮ್ಮನಿಗೆ ಓದಿ ಹೇಳಿದೆ. ಊರು ಹುಡುಕಿದ್ದಾಯಿತು ಅಂತ ಅವಳು ಹಿಗ್ಗಲಿಲ್ಲ. “ಸರ್ಕಾರದ ಪುಸ್ತಕದಲ್ಲಿ ಇದೆ ತಾನೆ? ಇತ್ತು ತಾನೆ?” ಅಂತ ಎರಡು ಸಲ ಕೇಳಿದಳು. ನಾದಿನಿಯರಿಗೆ ಉತ್ತರ ಕೊಡುವುದಿತ್ತಲ್ಲ! ಅವರೆಲ್ಲ ಹೋಗಿ ಎಷ್ಟೋ ವರ್ಷವಾಯಿತು.

ಆದರೆ ಇದೇ ಆ ಊರು ಅಂತ ಗಟ್ಟಿಯಾಗಬೇಕಿತ್ತು. ಅದಕ್ಕೆ ನಕ್ಷೆ. ೧೯೫೦ರ ದಶಕದ ಅಮೆರಿಕನ್ ಸೈನ್ಯದ ನಕ್ಷೆಗಳು, ಇಂಚಿಗೆ ಸುಮಾರು ನಾಲ್ಕು ಮೈಲಿಯವು, ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಲ್ಲಿ ಬಿಟ್ಟಿ ಸಿಗುತ್ತವೆ. ನಮ್ಮ ಸರ್ವೆ ಆಫ್ ಇಂಡಿಯಾದವರೂ ೨೦೧೭ರಿಂದ ಐವತ್ತು ಸಾವಿರಕ್ಕೊಂದರ ನಕ್ಷೆಗಳನ್ನು ಬಿಟ್ಟಿ ಕೊಡುತ್ತಿದ್ದಾರೆ. ಮೊಮ್ಮಗನ ಅಳತೆಪಟ್ಟಿ ತಂದು ಶಿವಗಂಗೆಯ ನೆತ್ತಿಯ ಮೇಲಿಟ್ಟು ನೇರ ಪಶ್ಚಿಮಕ್ಕೆ ಎಳೆದೆ. ಜನ ಇರುವ ಮೂರೂ ಊರುಗಳು ಪಟ್ಟಿಯಿಂದ ದೂರ, ಒಂದು ವಾಯವ್ಯಕ್ಕೆ, ಎರಡು ನೈಋತ್ಯಕ್ಕೆ. ದೀಪವಿಲ್ಲದ ಊರಿನ ಎಲ್ಲೆ ಮಾತ್ರ ಪಟ್ಟಿಯ ಅಂಚಿಗೇ ಬಂತು. ನಮ್ಮವರು ಪೇಪರು ಮಡಚಿಟ್ಟು ಎದ್ದು ಬಂದು ನೋಡಿದರು. ಅಲ್ಲಿಯವರೆಗೆ ಅವರು ಇದನ್ನೆಲ್ಲ ನನ್ನ ಉಪ್ಪಿನಕಾಯಿ ಪ್ರಯೋಗಗಳ ಸಾಲಿಗೆ ಸೇರಿಸಿದ್ದರು.

ಮನೆಯ ಜಾಗಕ್ಕೆ ಮಾತ್ರ ಇವು ಸಾಲವು, ಗ್ರಾಮ ನಕ್ಷೆಯೇ ಬೇಕು. ತಾಲ್ಲೂಕು ಕಚೇರಿಯ ಭೂಮಾಪನ ಶಾಖೆಯಲ್ಲಿ ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ ಕೊಡುತ್ತಾರೆ, ಇಲಾಖೆಯ ಜಾಲತಾಣದಲ್ಲೂ ಇದೆ. ಸಾಮಾನ್ಯವಾಗಿ ಒಂದು ಇಂಚಿಗೆ ನೆಲದ ಮೇಲೆ ೬೬೦ ಅಡಿ. ಕೆರೆ, ಬಾವಿ, ಗುಡಿ, ಬಂಡಿದಾರಿ, ಕಾಲುದಾರಿ, ಬಾಂದು ಕಲ್ಲು, ಒಂದೊಂದು ಸರ್ವೆ ನಂಬರಿನ ಅಂಚು, ಎಲ್ಲ ಕಾಣುತ್ತದೆ. ಮನೆಗಳಿರುವ ಜಾಗಕ್ಕೆ ಗ್ರಾಮಠಾಣ ಅಂತ ಹೆಸರು. ಅದರೊಳಗೆ ಮಾತ್ರ ಖಾಲಿ! ತೆರಿಗೆ ಹೊಲಕ್ಕೆ ಇದ್ದದ್ದರಿಂದ ಹೊಲವನ್ನು ಗುಂಟೆ ಗುಂಟೆಗೆ ಅಳೆದರು, ಗುಂಟೆ ಅಂದರೆ ೩೩ ಅಡಿ ಉದ್ದ ೩೩ ಅಡಿ ಅಗಲ. ಮನೆಗಳನ್ನು ಒಂದೊಂದಾಗಿ ಬರೆಯಲಿಲ್ಲ. ಸರ್ಕಾರದ ಕಾಗದ ನಮ್ಮನ್ನು ಊರಿನ ಬಾಗಿಲವರೆಗೆ ಕರೆತಂದು ಅಲ್ಲಿಗೆ ಕೈಬಿಟ್ಟಿತು. ಇನ್ನು ಮುಂದಕ್ಕೆ ಮುತ್ತಜ್ಜಿಯೇ ದಾರಿ ತೋರಿಸಬೇಕು. ನಕ್ಷೆಯಲ್ಲಿ ಒಂದು ಗುಡಿ, ಒಂದು ಬಾವಿ ಇದ್ದವು.

ಮಾಘಮಾಸದಲ್ಲಿ ಬಾಡಿಗೆ ಕಾರು ಮಾಡಿಕೊಂಡು ಹೋದೆವು. ಫೋನಿನ ದಿಶಾಂಕ್ ಆ್ಯಪು ನಾವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇವೆ ಅಂತ ಹೇಳುತ್ತದೆ, ಮಗಳು ಅದನ್ನು ಹಿಡಿದು ಮುಂದೆ ಮುಂದೆ. ಊರಿನ ಹೆಸರು ನಾನು ಇಲ್ಲಿ ಬರೆಯುವುದಿಲ್ಲ. ಜಮೀನಿನ ಬೆಲೆ ಏರುತ್ತಿರುವ ಕಡೆ ಅದು. ಪಕ್ಕದ ಹಳ್ಳಿಯವರು ನಮ್ಮ ಕೈಯಲ್ಲಿ ನಕ್ಷೆ ಕಂಡದ್ದೇ ಬೈಕು ನಿಲ್ಲಿಸಿ, “ಯಾವ ಪಾರ್ಟಿ? ಯಾರ ಕಡೆಯೋರು?” ಅಂತ ಸುತ್ತಿಕೊಂಡರು. ಅವರದೇನೂ ತಪ್ಪಿಲ್ಲ ಬಿಡಿ, ನಕ್ಷೆ ಹಿಡಿದು ಬರುವವರು ಈ ಕಾಲದಲ್ಲಿ ಯಾಕೆ ಬರುತ್ತಾರೆ ಅಂತ ಅವರಿಗೆ ಗೊತ್ತು. ಅಮ್ಮ ಕಾರಿನಿಂದ ಕಾಲು ಕೆಳಗಿಟ್ಟು, “ನಂಗೆ ಒಂದು ಗುಂಟೆಯೂ ಬೇಡಪ್ಪಾ. ನಮ್ಮಜ್ಜಿ ತವರು ಇದು. ಜಗುಲಿ ನೋಡ್ಕೊಂಡು ಹೋಗ್ತೀನಿ” ಅಂದಳು. ಅವರಲ್ಲೊಬ್ಬ ಹುಡುಗ ಬೈಕಿಳಿದು ಅವಳ ಕೈ ಹಿಡಿದುಕೊಂಡ.

ಲಂಟಾನ, ಜಾಲಿ, ಎರಡು ಮುದಿ ಹುಣಿಸೆಮರ. ಮಾರಮ್ಮನ ಪುಟ್ಟ ಗುಡಿಗೆ ಸುಣ್ಣ ಬಳಿದಿತ್ತು. ಊರು ಹೋದರೂ ಪಕ್ಕದ ಹಳ್ಳಿಯವರು ವರ್ಷಕ್ಕೊಂದು ಸಲ ತಂಬಿಟ್ಟಿನಾರತಿ ತರುತ್ತಾರಂತೆ. ಬಾವಿಯ ಕಲ್ಲುಮೆಟ್ಟಿಲು ಅರ್ಧಕ್ಕೆ ಕುಸಿದಿದೆ, ನೀರಿಲ್ಲ. ಗುಡಿ ಎಡಗಡೆ, ಬಾವಿ ಎದುರಿಗೆ ಬರುವ ಹಾಗೆ ಪೂರ್ವಕ್ಕೆ ಮುಖಮಾಡಿ ನಿಂತು, ನಾನು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟೆ. ಆರೇಳು ವರ್ಷದ ಮಗುವಿನ ಇಪ್ಪತ್ತು ಹೆಜ್ಜೆ ಅಂದರೆ ದೊಡ್ಡವರಿಗೆ ಹತ್ತು ಹನ್ನೆರಡು. ಅಲ್ಲಿ ಒಂದಲ್ಲ, ಎರಡು ಮನೆಯ ಪಾಯದ ಕಲ್ಲು ಅಕ್ಕಪಕ್ಕ ಇದ್ದವು. ಒಂದರ ಮೂಲೆಯಲ್ಲಿ ಅರ್ಧ ಹೂತ ಒರಳುಕಲ್ಲು. ಇದೋ ಅದೋ ಹೇಳುವವರು ಯಾರು? ಅಮ್ಮ ಮಾತಾಡದೆ ಒರಳಿನ ಹತ್ತಿರದ ಕಲ್ಲಿನ ಮೇಲೆ ಸೆರಗು ಹಾಸಿ ಕೂತಳು.

ಎದುರಿಗೆ ನೀಲಗಿರಿ ತೋಪು. ಗಣೇಶ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಮಂಜು ಕರಗಿ, ಮರಗಳ ಸಂದಿನಲ್ಲಿ ಬೆಟ್ಟ ಬೂದುಬಣ್ಣಕ್ಕೆ ಮೂಡಿತು. ನಮ್ಮವರು, “ಬರೀ ಬಂಡೆ ಕಣೇ” ಅಂತ ನನ್ನ ಕಿವಿಯಲ್ಲಿ ಅಂದರು. ಅಮ್ಮ ಕೈಯೆತ್ತಿ ಇಲ್ಲಿ ಕಿವಿ, ಇಲ್ಲಿ ಸೊಂಡಿಲು ಅಂತ ಆ ಹುಡುಗನಿಗೆ ತೋರಿಸುತ್ತಿದ್ದಳು. ನಿಜ ಹೇಳಬೇಕೆಂದರೆ ನನಗೂ ಸೊಂಡಿಲು ಮಾತ್ರ ಕಂಡಿತು.

ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ಕೇಳಿ ಬರೆದಿಟ್ಟುಕೊಳ್ಳಿ. ಊರಿನ ಹೆಸರೊಂದೇ ಸಾಲದು. ಬಾಗಿಲು ಯಾವ ದಿಕ್ಕಿಗೆ, ಯಾವ ಬೆಟ್ಟ ಕಾಣುತ್ತಿತ್ತು, ಸಂತೆ ಯಾವ ಊರಿನದು, ಹೋಗಿ ಬರಲು ಎಷ್ಟು ಹೊತ್ತು, ನೀರು ಎಲ್ಲಿಂದ, ಇದನ್ನೆಲ್ಲ ಅವರ ಮಾತಿನಲ್ಲೇ ಬರೆಯಿರಿ. ತಿದ್ದಬೇಡಿ. ನಾಲ್ಕು ಊರಲ್ಲಿ ಒಂದನ್ನು ಆರಿಸಿಕೊಟ್ಟದ್ದು ಅಂಥ ಮಾತೇ.

ಆ ಹುಡುಗ ಊಟ ಮಾಡದೆ ಬಿಡಲಿಲ್ಲ. ಪಕ್ಕದ ಹಳ್ಳಿಯ ಅವರ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು. ಹೊರಡುವಾಗ ಅವನ ಹೆಂಡತಿ ಮೊರದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆಅಡಿಕೆ ತಂದು ನನ್ನ ಮಡಿಲು ತುಂಬಿದಳು. ಅಮ್ಮನ ಕಡೆ ತಿರುಗಿ, ಹಣೆ ನೋಡಿ ಸುಮ್ಮನೆ ನಿಂತಳು. ಅಪ್ಪ ಹೋಗಿ ೧೧ ವರ್ಷ. ನಮಗೆಲ್ಲ ಏನು ಮಾಡಬೇಕೋ ತಿಳಿಯಲಿಲ್ಲ. ಒಳಗಿನಿಂದ ಅವಳ ಅತ್ತೆ, ಅಮ್ಮನಿಗಿಂತ ನಾಲ್ಕೈದು ವರ್ಷ ಚಿಕ್ಕವರಿರಬೇಕು, ಗೋಡೆ ಹಿಡಿದು ಬಂದರು. “ಊರ ಮಗಳಿಗೆ ಅದೆಲ್ಲಾ ಯಾಕಮ್ಮೀ ನೋಡ್ತೀಯಾ? ಅವರಜ್ಜಿ ಬಾಕಿ ಅದು, ತುಂಬು” ಅಂದರು.

ಅಮ್ಮ ಸೆರಗೊಡ್ಡಿದಳು. ದಾರಿಯುದ್ದಕ್ಕೂ ಗಂಟು ಮಡಿಲಲ್ಲೇ. ಮನೆಗೆ ಬಂದು ಆ ಅಕ್ಕಿಯನ್ನು ಡಬ್ಬಕ್ಕೆ ಸುರಿಯಲು ನಾನು ಕೈ ಹಾಕಿದರೆ, “ರೇಷನ್ ಅಕ್ಕಿ ಜೊತೆ ಬೆರೆಸಬೇಡ್ವೇ” ಅಂತ ಗದರಿದಳು. ಮರುದಿನ ಅಷ್ಟಕ್ಕೂ ಬೆಲ್ಲದನ್ನ ಮಾಡಿಸಿ, ಬೀದಿಯ ಹೆಣ್ಣುಮಕ್ಕಳನ್ನೆಲ್ಲ ಕರೆದು ಬಡಿಸಿದಳು.