ಸೊರ್ ಸೊರ್ ಅಂಬಲಿ

ಕಲಬುರಗಿಯಿಂದ ಜೇವರ್ಗಿಗೆ ಸುಮಾರು 40 ಕಿಲೋಮೀಟರ್. ಕಟ್ಟಿಸಂಗಾವಿಯ ಹತ್ತಿರ ಭೀಮಾ ನದಿಯ ಸೇತುವೆ ದಾಟಿದರೆ ಊರು ಬಂದಂತೆಯೇ. ಈ ಸಲ ಎಳ್ಳ ಅಮಾವಾಸ್ಯೆಗೆ ಬೆಂಗಳೂರಿನಿಂದ ಹೊರಟಾಗ ನನ್ನ ಹನ್ನೊಂದು ವರ್ಷದ ಮಗಳು ಚೀಲದಲ್ಲಿ ಎರಡು ಜಪಾನಿ ಚಿತ್ರಕಥೆ ಪುಸ್ತಕ ತುಂಬಿಕೊಂಡಿದ್ದಳು. ವರ್ಷಕ್ಕೊಮ್ಮೆ ಕಾಣುವ ಆಯಿಯ ಜೊತೆ ಅವಳ ಮಾತು ‘ಚೆನ್ನಾಗಿದೀರಾ?’ ಎಂಬಲ್ಲಿಗೇ ಮುಗಿಯುತ್ತಿತ್ತು. ಅವ್ವನ ಜೇವರ್ಗಿ ಮಾತು ಅವಳಿಗೆ ಅರ್ಧ ತಿಳಿಯದು. ನನಗೆ ಅದೇ ಚಿಂತೆ.

ಅಮಾವಾಸ್ಯೆಯ ದಿನ ನಮ್ಮ ಕಡೆ ಊಟ ಹೊಲದಲ್ಲಿ. ಸಜ್ಜೆ ರೊಟ್ಟಿ, ಕಡಬು, ಭಜ್ಜಿ, ಅಂಬಲಿ ಹೊತ್ತು ಹೋದೆವು. ಭಜ್ಜಿ ಅಂದರೆ ಇಲ್ಲಿ ಎಣ್ಣೆಯಲ್ಲಿ ಕರಿದದ್ದಲ್ಲ. ಕಾಳು, ಸೊಪ್ಪು, ತರಕಾರಿ ಕೂಡಿಸಿ ಬೇಯಿಸಿದ ಪಲ್ಯ. ಸುತ್ತ ಎರೆಭೂಮಿ. ಗಾಳಿಗೆ ಒಣಗಿದ ತೊಗರಿಕಾಯಿ ಗಲಗಲ, ಜೋಳದ ಗರಿ ಸರಸರ. ಭೂಮಿತಾಯಿಗೆ ಚರಗ ಚೆಲ್ಲಿ ಉಣ್ಣಲು ಕೂತೆವು.

ಜೋಳದ ನುಚ್ಚು ಬೇಯಿಸಿ ಮಜ್ಜಿಗೆ ಬೆರೆಸಿದ ಅಂಬಲಿಯನ್ನು ಮಗಳು ಸೊರ್ ಸೊರ್ ಎಂದು ಹೀರಿದಳು. ‘ಶಬ್ದ ಮಾಡಬೇಡ’ ಎಂದು ಗದರಿದೆ.

‘ಯಾಕ ಬೈತಿ ಅಕಿಗಿ? ಸಪ್ಪಳ ಇಲ್ದೆ ಕುಡದ್ರ ಅಂಬಲಿ ರುಚಿ ಹತ್ತಲ್ಲ’ ಎಂದಳು ಅವ್ವ.

ಮಗಳ ಕಣ್ಣರಳಿತು. ‘ಜಪಾನಿನಲ್ಲೂ ಹಾಗೇ ಆಯಿ! ನೂಡಲ್ಸ್ ತಿನ್ನುವಾಗ ಸದ್ದು ಮಾಡಿದರೆ ಯಾರೂ ಬೈಯಲ್ಲ. ಆ ಸದ್ದಿಗೆ ಜುರು ಜುರು ಅಂತಾರೆ.’

ಪುಸ್ತಕ ಬಿಚ್ಚಿದಳು. ಅದರಲ್ಲಿ ಚಿತ್ರದ ಪಕ್ಕದಲ್ಲೇ ಸದ್ದನ್ನೂ ಬರೆದಿರುತ್ತಾರೆ. ಒಂದೇ ಉಸಿರಿಗೆ ನೀರು ಕುಡಿದರೆ ‘ಗೊಕು ಗೊಕು’. ಅವ್ವ ತಟ್ಟನೆ, ‘ನಮ್ಮ ಗಟಗಟ!’ ಎಂದಳು. ಸ್ವಲ್ಪ ಸ್ವಲ್ಪವೇ ಕುಡಿದರೆ ‘ಚಿಬಿ ಚಿಬಿ’. ‘ಗುಟುಕು ಗುಟುಕು!’ ಜೋರು ಮಳೆಗೆ ‘ಝಾ ಝಾ’. ‘ಧೋ ಧೋ!’ ನಕ್ಷತ್ರ ಮಿನುಗಿದರೆ ‘ಕಿರ ಕಿರ’. ‘ಫಳಫಳ!’ ಹೊಳಪಿಗೆ ಸದ್ದೆಲ್ಲಿದೆ? ಆದರೂ ಎರಡು ಭಾಷೆಗಳೂ ಅದಕ್ಕೊಂದು ಸದ್ದು ಕೊಟ್ಟಿವೆ.

ಶಾಲೆಯಲ್ಲಿ ಇವನ್ನು ಅನುಕರಣಾವ್ಯಯ ಎಂದು ಕಲಿತ ನೆನಪು ನನಗೂ ಬಂತು. ನಾವು ‘ಗಟಗಟ ಅಂತ ಕುಡಿದ’ ಅನ್ನುತ್ತೇವೆ. ಜಪಾನಿಯರು ‘ಗೊಕು ಗೊಕು ತೊ’ ಎಂದು ಸೇರಿಸುತ್ತಾರಂತೆ. ಯಾರಾದರೂ ಆಡಿದ ಮಾತನ್ನು ಹೇಳುವಾಗಲೂ ಅವರು ಅದೇ ‘ತೊ’ ಬಳಸುತ್ತಾರೆ. ನಾವು ‘ಬರ್ತೀನಿ ಅಂತ ಹೇಳಿದ’ ಎನ್ನುವ ಹಾಗೆ. ಎರಡೂ ಕಡೆ ನೀರು, ಮಳೆ, ನಕ್ಷತ್ರಗಳು ಮಾತಾಡುತ್ತವೆ ಎಂದ ಹಾಗಾಯಿತು!

‘ಏನೂ ಸದ್ದಿಲ್ಲದಿದ್ದರೆ ಅದಕ್ಕೂ ಜಪಾನಿಯಲ್ಲಿ ಪದ ಇದೆ, ಶೀನ್ ಅಂತ. ನಿಮ್ಮಲ್ಲಿ?’ ಎಂದು ಮಗಳು ಸವಾಲು ಹಾಕಿದಳು.

ಅವ್ವ ಕೈಯಲ್ಲಿನ ರೊಟ್ಟಿ ಮುರಿಯುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಅದ ಯವ್ವಾ. ನೀವೆಲ್ಲ ಬಸ್ ಹತ್ತಿ ಹೋದ ಮ್ಯಾಲ ಮನಿ ಭಣಭಣ ಅಂತದಲ್ಲ, ಅದೇ ನೋಡು.’

ನನಗೆ ತುತ್ತು ಇಳಿಯಲಿಲ್ಲ.

ಊರಿಂದ ಬಂದ ಮೇಲೆ ಮಗಳು ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಒಂದು ಕಡೆ ಜಪಾನಿ ಸದ್ದು, ಇನ್ನೊಂದು ಕಡೆ ಆಯಿಯ ಸದ್ದು. ಪ್ರತಿ ಭಾನುವಾರ ಫೋನ್ ಮಾಡಿ ಹೊಸ ಪದ ಕೇಳುತ್ತಾಳೆ. ಹೇಳುವ ಮೊದಲು ಅವ್ವ ಚಹಾ ಹೀರುವ ಸೊರ್ ಸದ್ದು ಫೋನಿನಲ್ಲಿ ಕೇಳುತ್ತದೆ. ಈ ಕಡೆ ಇವಳೂ ಹಾಲಿನ ಲೋಟ ಹಿಡಿದು ಸೊರ್ ಅನ್ನಿಸುತ್ತಾಳೆ. ನಾನೀಗ ಗದರುವುದಿಲ್ಲ.