ಜಗಳ ಮುಗಿಯುವ ಮೊದಲೇ ಹಾಡಿದೆವು

ಉಡುಪಿಯಿಂದ ಕುಂದಾಪುರದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಕ್ರೈಸ್ತರ ಮೂರು ಚರಿತ್ರೆಗಳನ್ನು ದಾಟಿ ಹೋಗಬಹುದು. ಊರೊಳಗೆ ಮಿಶನ್ ಕಾಂಪೌಂಡ್. ಬಾಸೆಲ್ ಮಿಶನ್ನಿನವರ ಚರ್ಚು, ಶಾಲೆ, 1923ರಲ್ಲಿ ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ ಆರಂಭಿಸಿದ ಆಸ್ಪತ್ರೆ, ಎಲ್ಲ ಅಕ್ಕಪಕ್ಕ. ಸಂತೆಕಟ್ಟೆ ಬಂತೆಂದರೆ ಕಲ್ಯಾಣಪುರದ ಮಿಲಾಗ್ರಿಸ್. 1678ರಷ್ಟು ಹಳೆಯ ಕಥೊಲಿಕ ಚರ್ಚು. ಸುವರ್ಣಾ ನದಿಯ ಸೇತುವೆ ದಾಟಿ ಮುಂದೆ ಹೋದರೆ ಬ್ರಹ್ಮಾವರದಲ್ಲಿ ಸಿರಿಯನ್ ಆರ್ಥೊಡಾಕ್ಸ್ ಪಂಥದ ಸೇಂಟ್ ಮೇರೀಸ್. ಮೂರೂ ಕಡೆ ಒಬ್ಬನೇ ಯೇಸು. ಆದರೆ ನನ್ನ ಬಾಲ್ಯದಲ್ಲಿ ಒಬ್ಬರು ಇನ್ನೊಬ್ಬರ ಚರ್ಚಿನ ಮೆಟ್ಟಿಲು ಹತ್ತುತ್ತಿರಲಿಲ್ಲ.

ನಾನು ಮಿಶನ್ ಕಾಂಪೌಂಡಿನಲ್ಲೇ ಬೆಳೆದವನು. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ನಮ್ಮ ಆಚೆಮನೆಯವರು ಕಥೊಲಿಕರು, ಊರಿನವರ ಬಾಯಲ್ಲಿ ಪೊರ್ಬುಗಳು. ಅವರಲ್ಲಿ ಮನೆಮಾತು ಕೊಂಕಣಿ. ಕ್ರಿಸ್ಮಸ್ಸಿಗೆ ಆ ಮನೆಯ ಬಾಯಿ ತಟ್ಟೆ ತುಂಬ ನೆವ್ರಿ, ಕಿಡಿಯೊ ಜೋಡಿಸಿ, ಮೇಲೆ ಕ್ರೋಶಾ ಹೆಣೆದ ಬಟ್ಟೆ ಮುಚ್ಚಿ ಕಳಿಸುತ್ತಿದ್ದರು. ಅದೇ ತಟ್ಟೆಯಲ್ಲಿ ಅಮ್ಮ ಚಕ್ಕುಲಿ ಹಾಕಿ ಹಿಂದೆ ಕಳಿಸುತ್ತಿದ್ದಳು. ಖಾಲಿ ತಟ್ಟೆ ವಾಪಸು ಕೊಡಬಾರದು ಎಂಬುದು ಎರಡೂ ಮನೆಯ ನಿಯಮ. ತಿಂಡಿಗೆ ಇಲ್ಲದ ಅಡ್ಡಿ ಪ್ರಾರ್ಥನೆಗೆ ಮಾತ್ರ ಇತ್ತು. ಆ ಮನೆಯ ಹುಡುಗ ನನ್ನ ಜೊತೆ ಲಗೋರಿ ಆಡುತ್ತ ಚೆಂಡು ಹೆಕ್ಕಲು ನಮ್ಮ ಚರ್ಚಿನ ಜಗಲಿವರೆಗೆ ಬಂದವನು, ಒಳಗೆ ಕಾಲಿಟ್ಟರೆ ಪಾಪನಿವೇದನೆಯಲ್ಲಿ ಹೇಳಬೇಕಾಗುತ್ತದೆ ಎಂದು ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದ. ನಮ್ಮವರೇನೂ ಕಡಿಮೆಯಲ್ಲ. ಅವರು ಮೂರ್ತಿಗೆ ಮೊಣಕಾಲೂರುವವರು, ಸತ್ಯವೇದ ಓದದವರು ಎಂದು ಭಾನುವಾರದ ಶಾಲೆಯಲ್ಲೇ ನಮ್ಮ ಕಿವಿಗೆ ಬಿದ್ದಿತ್ತು. ಬ್ರಹ್ಮಾವರದ ಸಿರಿಯನ್ನರ ಬಗ್ಗೆ ಇಬ್ಬರಿಗೂ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. 'ಅವರದು ಬೇರೆ' ಎಂದರೆ ಮುಗಿಯಿತು.

ಬೇರೆಯಾದ ಕಥೆ ದೊಡ್ಡದು. ಹತ್ತೊಂಬತ್ತನೇ ಶತಮಾನದಲ್ಲಿ ಕರಾವಳಿಯ ಕಥೊಲಿಕರ ಮೇಲೆ ಗೋವೆಯ ಪೋರ್ಚುಗೀಸ್ ಪದ್ರೊವಾದೊ ಅಧಿಕಾರವೇ ಅಥವಾ ನೇರ ರೋಮಿನದೇ ಎಂಬ ವಿವಾದ ಬೆಳೆಯುತ್ತಲೇ ಹೋಯಿತು. 1886ರಲ್ಲಿ ಪೋಪರೂ ಪೋರ್ಚುಗಲ್ಲೂ ಒಪ್ಪಂದ ಮಾಡಿಕೊಂಡಾಗ ಎಲ್ಲರಿಗೂ ಸಮಾಧಾನವಾಗಲಿಲ್ಲ. ಗೋವೆಯ ಪಾದ್ರಿ ಅಲ್ವಾರಿಸ್ ಕೇರಳದ ಸಿರಿಯನ್ ಸಭೆಯ ಕಡೆ ತಿರುಗಿ 1889ರಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಬಿಷಪರಾದರು. ಅವರ ಜೊತೆಗಿದ್ದ ರೋಕ್ ಜೆಫ್ರಿನ್ ನೊರೊನ್ಹಾ ಬ್ರಹ್ಮಾವರದಲ್ಲಿ ನೆಲೆ ನಿಂತರು. ಹೀಗೆ ಕೊಂಕಣಿ ಮಾತಾಡುವ ಜನರೇ ಎರಡು ಪಾಲಾದರು. ಅಡ್ಡಹೆಸರು ಅದೇ, ಅಡುಗೆ ಅದೇ, ಚರ್ಚು ಮಾತ್ರ ಬೇರೆ.

ನಮ್ಮದು ಇನ್ನೊಂದು ಬಗೆ. ಬಾಸೆಲ್ ಮಿಶನ್ ಎಂಬುದೇ ಲೂಥರನ್ನರೂ ರಿಫಾರ್ಮ್ಡ್ ಪಂಥದವರೂ ಕೂಡಿ 1815ರಲ್ಲಿ ಕಟ್ಟಿದ ಸಂಸ್ಥೆ. ಅದರ ಮೂವರು ಮಿಶನರಿಗಳು 1834ರಲ್ಲಿ ಈ ಕರಾವಳಿಗೆ ಬಂದರು. ಮುಂದೆ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ನಮ್ಮ ಸಭೆಯೂ ಈಗ ಸೇರಿರುವ ಸಿಎಸ್‌ಐ ಹುಟ್ಟಿತು. ಬಿಷಪರಿಲ್ಲದೆ ಸಭೆಯೇ ಇಲ್ಲವೆನ್ನುವ ಆಂಗ್ಲಿಕನ್ನರೂ, ಬಿಷಪರ ಗೊಡವೆಯೇ ಬೇಡವೆನ್ನುವ ಕಾಂಗ್ರಿಗೇಶನಲ್ ಪರಂಪರೆಯವರೂ, ಮೆಥಡಿಸ್ಟರೂ, ಪ್ರೆಸ್ಬಿಟೇರಿಯನ್ನರೂ ಒಂದೇ ಸಭೆಯಾದರು. 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾದ ಮಾತುಕತೆಗೆ ಇಪ್ಪತ್ತೆಂಟು ವರ್ಷ ಹಿಡಿಯಿತು. ಕಡೆಗೂ ಎಲ್ಲ ತಕರಾರು ಬಗೆಹರಿದು ಒಂದಾದದ್ದಲ್ಲ. ಬಿಷಪರ ಕೈಯಿಂದ ದೀಕ್ಷೆ ಪಡೆಯದ ಪಾದ್ರಿಗಳನ್ನೂ ಹಾಗೆಯೇ ಒಪ್ಪಿಕೊಂಡು, ಮೂವತ್ತು ವರ್ಷ ಕಳೆದ ಮೇಲೆ ಆ ಪ್ರಶ್ನೆಯನ್ನು ಮತ್ತೆ ನೋಡೋಣ ಎಂದು ಇಟ್ಟುಕೊಂಡರು. ಮೊದಲು ಒಟ್ಟಿಗೆ ಬದುಕೋಣ, ಉಳಿದದ್ದು ಆಮೇಲೆ ಎಂಬ ಈ ಲೆಕ್ಕಾಚಾರ ನಮ್ಮ ಹಿರಿಯರಲ್ಲಿ ಹಲವರಿಗೆ ಹಿಡಿಸಿರಲಿಲ್ಲ. ನನಗೆ ಅದರ ಬೆಲೆ ತಿಳಿದದ್ದು ಹಾಡಿನ ಕೋಣೆಯಲ್ಲಿ.

ಕಥೊಲಿಕರ ಕಡೆಯಿಂದ ಬಾಗಿಲು ತೆರೆದದ್ದು ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ. 1964ರ ನವೆಂಬರ್ 21ರಂದು ಹೊರಟ ಕ್ರೈಸ್ತೈಕ್ಯದ ಆದೇಶಪತ್ರ ನಮ್ಮಂಥವರನ್ನು ಬೇರ್ಪಟ್ಟ ಸಹೋದರರೆಂದು ಕರೆಯಿತು. ಲ್ಯಾಟಿನ್ ಪೂಜೆ ಹೋಗಿ ಕೊಂಕಣಿ ಪೂಜೆ ಬಂತು. ಪ್ರತಿ ಜನವರಿ 18ರಿಂದ 25ರವರೆಗಿನ ಐಕ್ಯ ಪ್ರಾರ್ಥನಾ ವಾರದ ಪ್ರಾರ್ಥನೆಗಳನ್ನು 1968ರಿಂದ ರೋಮಿನವರೂ ಜಿನೀವಾದ ವಿಶ್ವ ಚರ್ಚು ಮಂಡಳಿಯವರೂ ಕೂಡಿ ಸಿದ್ಧಮಾಡತೊಡಗಿದರು. ರೋಮಿನಲ್ಲಿ ತೆರೆದ ಬಾಗಿಲಿನ ಗಾಳಿ ನಮ್ಮೂರಿಗೆ ಬೀಸಲು ಇನ್ನೂ ಹಲವು ವರ್ಷ ಬೇಕಾಯಿತು. ಒಟ್ಟಾಗಿ ಒಂದು ಕ್ಯಾರಲ್ ಕಾರ್ಯಕ್ರಮ ಮಾಡೋಣ ಎಂಬ ಮಾತು ಎದ್ದಾಗ ನಾನು ಆಗಲೇ ಶಾಲೆಯಲ್ಲಿ ಮೇಷ್ಟ್ರು, ಭಾನುವಾರ ಗಾಯನ ತಂಡದ ಬಾಸ್ ಸಾಲಿನಲ್ಲಿ ನಿಲ್ಲುತ್ತಿದ್ದೆ.

ಮೊದಲ ಸಿದ್ಧತಾ ಸಭೆಯಲ್ಲೇ ಗಲಾಟೆ. ಯಾವ ಭಾಷೆ? ನಮ್ಮವರಿಗೆ ಕೊಂಕಣಿ ಬಾರದು, ಅವರಿಗೆ ತುಳು ಮಾತಾಡಲು ಬರುತ್ತಿತ್ತು, ಹಾಡಲು ಅಲ್ಲ. ಬ್ರಹ್ಮಾವರದ ತಂಡಕ್ಕೆ ಕೇರಳದಿಂದ ಬಂದ ಒಬ್ಬಿಬ್ಬರು ಮಲಯಾಳಿಗಳೂ ಸೇರಿದ್ದರು. ಕೊನೆಗೆ ಕನ್ನಡ ಎಂದಾಯಿತು. ಯಾರ ಮನೆಮಾತೂ ಅಲ್ಲವಾದ್ದರಿಂದ ಯಾರಿಗೂ ಸೋತಂತಾಗಲಿಲ್ಲ. ಆಮೇಲೆ ಮರಿಯಮ್ಮನವರ ವಿಷಯ ಬಂತು. ಮಾತೆಯ ಹಾಡೊಂದೂ ಇಲ್ಲದೆ ಕ್ರಿಸ್ಮಸ್ ಹೇಗೆ ಎಂದು ಕಥೊಲಿಕರು. ಮಾತೆಗೆ ಪ್ರಾರ್ಥನೆ ಮಾಡುವ ಹಾಡು ನಮ್ಮ ಬಾಯಲ್ಲಿ ಬಾರದು ಎಂದು ನಮ್ಮವರು. ಅರ್ಧ ಗಂಟೆ ಯಾರೂ ಬಗ್ಗಲಿಲ್ಲ. ಆಗ ಒಬ್ಬ ಹಿರಿಯ ಫಾದರ್, ಹಾಗಾದರೆ ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಮರಿಯಳೇ ಹಾಡಿದ ಸ್ತೋತ್ರವನ್ನು ಹಾಡೋಣ, ಅದು ನಿಮ್ಮ ಪುಸ್ತಕದಲ್ಲೂ ಇದೆಯಲ್ಲ ಎಂದರು. ನಮ್ಮ ಸಭಾಪಾಲಕರಿಗೆ ನಗು ತಡೆಯಲಾಗಲಿಲ್ಲ. ಬಲಿಷ್ಠರನ್ನು ಕೆಳಗಿಳಿಸಿ ದೀನರನ್ನು ಎತ್ತುವ ಆ ಹಾಡಿಗೆ ಬೇಡವೆನ್ನಲು ಯಾರ ಬಳಿಯೂ ಕಾರಣವಿರಲಿಲ್ಲ.

ಅಭ್ಯಾಸದ ದಿನಗಳು ಇನ್ನೂ ಮಜವಾಗಿದ್ದವು. ನಮ್ಮದು ಜರ್ಮನ್ ಮಿಶನರಿಗಳು ಕಲಿಸಿದ ದಾರಿ: ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂದು ನಾಲ್ಕು ಸಾಲು, ಕೈಯಲ್ಲಿ ಸ್ವರಲಿಪಿಯ ಹಾಳೆ, ಹೆಜ್ಜೆ ಎಣಿಸಿದ ಹಾಗೆ ತಾಳ. ಮಿಲಾಗ್ರಿಸ್ ಕಡೆಯ ಪಿಟೀಲಿನ ಹುಡುಗ ಹಾಳೆಯನ್ನೇ ನೋಡುತ್ತಿರಲಿಲ್ಲ, ಒಮ್ಮೆ ಕೇಳಿದರೆ ನುಡಿಸಿಬಿಡುತ್ತಿದ್ದ. ನಮ್ಮ ಹಾರ್ಮೋನಿಯಂ ಮಾಮ ಒಂದು ಚರಣ ಮುಗಿಸುವಷ್ಟರಲ್ಲಿ ಅವನ ತಂಡ ಎರಡನೆಯದರ ಅರ್ಧಕ್ಕೆ ಹೋಗಿರುತ್ತಿತ್ತು. 'ಮಾಮ, ಇದು ಕ್ರಿಸ್ಮಸ್ಸಾ, ಬೊಜ್ಜವಾ (ಉತ್ತರಕ್ರಿಯೆಯಾ)?' ಎಂದು ಆ ಹುಡುಗ ತುಳುವಿನಲ್ಲೇ ಕೇಳಿಬಿಟ್ಟ. ಕೋಣೆಯೆಲ್ಲ ನಗು. 'ನೀವು ಬಸ್ಸಿಗೆ ಓಡುತ್ತಿದ್ದೀರಾ ಮಗಾ?' ಎಂದು ಮಾಮನೂ ಬಿಡಲಿಲ್ಲ. ಕಡೆಗೆ ಇಬ್ಬರ ನಡುವಿನ ಒಂದು ವೇಗ ಸಿಕ್ಕಿತು. ಮೊದಲ ಬಾರಿ ಆ ಸ್ತೋತ್ರದಲ್ಲಿ ನಾಲ್ಕೂ ಸಾಲು ಸೇರಿ ಒಂದೇ ಕಡೆ ನಿಂತಾಗ ಆಲ್ಟೊ ಸಾಲಿನ ಹೆಂಗಸರು ಹಾಳೆ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಅಷ್ಟು ಜನ ಅಷ್ಟು ದೊಡ್ಡದಾಗಿ ನಗುತ್ತ ಪ್ರಾರ್ಥನೆಗೆ ಹೋದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಕಾರ್ಯಕ್ರಮದ ದಿನ ಕರ್ತನ ಪ್ರಾರ್ಥನೆಯಲ್ಲಿ ಎಲ್ಲರೂ ಸಿಕ್ಕಿಬಿದ್ದೆವು. ಕೇಡಿನಿಂದ ಬಿಡಿಸು ಎಂಬಲ್ಲಿಗೆ ಕಥೊಲಿಕರ ಪ್ರಾರ್ಥನೆ ಮುಗಿಯುತ್ತದೆ. ನಾವು ಅಲ್ಲಿ ನಿಲ್ಲದೆ ಕೊನೆಯ ಮಹಿಮೆಯ ಸಾಲನ್ನೂ ಹೇಳಿಯೇ ಆಮೆನ್ ಎನ್ನುವವರು. ಅರ್ಧ ಚರ್ಚು ಕುಳಿತಿತು, ಅರ್ಧ ಚರ್ಚು ಹೇಳುತ್ತಲೇ ಇತ್ತು. ಮರುವರ್ಷ ಕುಳಿತವರೂ ಕಾದರು, ನಾವೂ ತುಸು ಬೇಗ ಮುಗಿಸಿದೆವು. ಯಾವ ಸಮಿತಿಯೂ ಇದನ್ನು ತೀರ್ಮಾನಿಸಲಿಲ್ಲ.

ಒಂದು ಕಡೆ ಒಟ್ಟಾದವರು ಇನ್ನೊಂದು ಕಡೆಯೂ ಸಿಗತೊಡಗಿದರು. ಮಳೆಗಾಲ ಮುಗಿದ ಮೇಲೆ ನಮ್ಮಲ್ಲಿ ಬೆಳೆ ಹಬ್ಬ. ಸಭೆಯವರು ತಂದ ಭತ್ತ, ತೆಂಗು, ಬಾಳೆಗೊನೆ, ಕೋಳಿ ಎಲ್ಲವನ್ನೂ ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಏಲಂ ಹಾಕುತ್ತೇವೆ, ಹಣ ಸಭೆಗೆ. ಮೊದಲು ನಮ್ಮವರೇ ನಮ್ಮವರ ವಸ್ತು ಕೊಳ್ಳುತ್ತಿದ್ದರು. ಒಂದು ವರ್ಷ ಒಂದು ಬುಟ್ಟಿ ಮಟ್ಟುಗುಳ್ಳ ಏಲಂಗೆ ಬಂದಾಗ ನಮ್ಮ ಆಚೆಮನೆಯ ಪೊರ್ಬುಗಳು ಗೇಟಿನ ಬಳಿಯಿಂದಲೇ ಕೂಗಿ ಬೆಲೆ ಏರಿಸಿದರು. ನಮ್ಮ ಖಜಾಂಚಿ ಬಿಡುವರೆ? ಅವರು ಐದು ಏರಿಸಿದರೆ ಇವರು ಹತ್ತು. ಬದನೆಯ ಬೆಲೆ ಬಂಗುಡೆಯನ್ನೂ ಮೀರಿತು. ಗೆದ್ದ ಪೊರ್ಬುಗಳು ಬುಟ್ಟಿಯಿಂದ ಅರ್ಧ ಗುಳ್ಳ ತೆಗೆದು ಖಜಾಂಚಿಯ ಹೆಂಡತಿಯ ಕೈಗಿತ್ತು, 'ಹಣ ದೇವರಿಗಾಯಿತು, ಸಾರು ನೀವು ಮಾಡಿ' ಎಂದರು. ಮರುವರ್ಷದಿಂದ ಏಲಂನ ದಿನ ಗೇಟು ಮುಚ್ಚಿದ್ದನ್ನು ನಾನು ಕಂಡಿಲ್ಲ.

ಈ ಸಲುಗೆಗೆ ನಿಜವಾದ ಪರೀಕ್ಷೆ ಬಂದದ್ದು 2008ರ ಸೆಪ್ಟೆಂಬರ್ 14ರ ಭಾನುವಾರ. ಮಂಗಳೂರಿನ ಇನ್ನೊಂದು ಮಿಲಾಗ್ರಿಸ್ ಚರ್ಚಿನ ಬಳಿಯ ಆರಾಧನಾ ಮಠದ ಮೇಲೆ, ಜೊತೆಗೆ ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಕಡೆಯ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾಯಿತು. ಮತಾಂತರದ ಆರೋಪವಿದ್ದದ್ದು ನ್ಯೂ ಲೈಫ್ ಎಂಬ ಹೊಸ ಸಭೆಯವರ ಮೇಲೆ, ಏಟು ಬಿದ್ದದ್ದು ಸಿಕ್ಕಸಿಕ್ಕವರಿಗೆ. ಮುಳುಗಿಸಿ ದೀಕ್ಷಾಸ್ನಾನ ಕೊಡುವ, ಶಿಶುಗಳಿಗೆ ಕೊಟ್ಟದ್ದನ್ನು ಲೆಕ್ಕಕ್ಕೇ ಹಿಡಿಯದ ಈ ಹೊಸ ಸಭೆಗಳೊಂದಿಗೆ ಹಳೆಯ ಮೂರೂ ಚರ್ಚುಗಳಿಗೆ ಅಷ್ಟಕ್ಕಷ್ಟೆ. ನಮ್ಮಲ್ಲೇ ಕೆಲವರು, ಅವರು ಮಾಡಿದ್ದಕ್ಕೆ ನಮಗೆ ಶಿಕ್ಷೆ ಎಂದು ಸಿಡಿಮಿಡಿಗೊಂಡರು. ಅದು ಮುಚ್ಚಿಡಬಾರದ ಸತ್ಯ. ಆದರೂ ಆ ವಾರ ಒಡೆದ ಕಿಟಕಿಯ ಗಾಜು ಗುಡಿಸಲು ಹೋದವರಲ್ಲಿ ಕಥೊಲಿಕ ಯುವಕರಿದ್ದರು, ನಮ್ಮ ಹೆಂಗಸರ ಸಂಘದವರಿದ್ದರು. ಅಂಥ ಒಂದು ಸಣ್ಣ ಬಾಡಿಗೆ ಹಾಲಿನಲ್ಲಿ ಚಾಪೆಯ ಮೇಲೆ ಕುಳಿತು ಪ್ರಾರ್ಥಿಸಿದಾಗ ಅಲ್ಲಿಯ ಪಾಸ್ಟರು ಎರಡೂ ಕೈಯೆತ್ತಿ ದೊಡ್ಡ ದನಿಯಲ್ಲಿ ದೇವರನ್ನು ಕರೆದರು, ನಮ್ಮವರು ತಲೆ ತಗ್ಗಿಸಿ ಮೌನವಾಗಿ ಕುಳಿತರು, ಕಥೊಲಿಕರು ಶಿಲುಬೆಯ ಗುರುತು ಹಾಕಿಕೊಂಡರು. ಯಾರೂ ಇನ್ನೊಬ್ಬರಂತೆ ಆಗಲು ಹೋಗಲಿಲ್ಲ. ಹೊರಗೆ ಬಂದ ಮೇಲೆ ಶಿಶು ದೀಕ್ಷಾಸ್ನಾನದ ಬಗ್ಗೆ ಅದೇ ಪಾಸ್ಟರಿಗೂ ನನಗೂ ಚಹಾ ತಣ್ಣಗಾಗುವಷ್ಟು ಹೊತ್ತು ವಾದ ನಡೆಯಿತು. ಇಬ್ಬರೂ ಒಪ್ಪಲಿಲ್ಲ. ಆದರೆ ಆ ವಾದದಲ್ಲಿ ನನ್ನ ಬಾಲ್ಯದ ಹೊಸ್ತಿಲ ಭಯವಿರಲಿಲ್ಲ. ಅವರು ನನ್ನ ಮುಖ ನೋಡಿ ಮಾತಾಡಿದರು, ನಾನು ಅವರದು.

ಹಾಗೆಂದು ಎಲ್ಲ ಸರಿಹೋಯಿತೆಂದಲ್ಲ. ಪರಮ ಪ್ರಸಾದದ ಪೀಠಕ್ಕೆ ಇವತ್ತಿಗೂ ನಾವು ಒಟ್ಟಿಗೆ ಹೋಗುವಂತಿಲ್ಲ. ಕಥೊಲಿಕ ಹುಡುಗ, ಸಿಎಸ್‌ಐ ಹುಡುಗಿ ಮದುವೆಯಾಗುವುದಾದರೆ ಮಕ್ಕಳ ದೀಕ್ಷಾಸ್ನಾನ ಎಲ್ಲಿ ಎಂಬ ಪ್ರಶ್ನೆ ನಿಶ್ಚಿತಾರ್ಥಕ್ಕೆ ಮೊದಲೇ ಬರುತ್ತದೆ. 2010ರಲ್ಲಿ ಬ್ರಹ್ಮಾವರ ಆರ್ಥೊಡಾಕ್ಸರ ಧರ್ಮಪ್ರಾಂತವಾಯಿತು. 2012ರಲ್ಲಿ ಉಡುಪಿ ಕಥೊಲಿಕ ಧರ್ಮಪ್ರಾಂತವಾಗಿ ಮಿಲಾಗ್ರಿಸ್ ಅದರ ಕೆಥೆಡ್ರಲ್ ಆಯಿತು. ಸುವರ್ಣೆಯ ಆಚೆಗೊಬ್ಬರು, ಈಚೆಗೊಬ್ಬರು ಬಿಷಪರು. ಐಕ್ಯ ಎಂದರೆ ಎಲ್ಲರೂ ಒಂದೇ ಆಗುವುದು ಎಂದುಕೊಂಡವರಿಗೆ ಇದು ಹಿಂದೆ ಹೋದಂತೆ ಕಾಣಬಹುದು. ನನಗೆ ಹಾಗೆ ಕಾಣುವುದಿಲ್ಲ. ಎಲ್ಲ ಪ್ರಶ್ನೆ ತೀರಿದ ಮೇಲೆ ಹಾಡೋಣ ಎಂದು ಕಾದಿದ್ದರೆ ಆ ಪಿಟೀಲಿನ ಹುಡುಗನ ಪರಿಚಯವೂ ಆಗುತ್ತಿರಲಿಲ್ಲ, ಪ್ರಶ್ನೆಯೂ ತೀರುತ್ತಿರಲಿಲ್ಲ. ಜೊತೆಗೆ ಕೆಲಸ ಮಾಡಿದ ಮೇಲೆ ನಾವು ಹೆಚ್ಚು ವಾದಿಸಿದ್ದೇವೆ, ಕಡಿಮೆ ಹೆದರಿದ್ದೇವೆ.

ಆ ಹುಡುಗನಿಗೂ ಈಗ ತಲೆ ನರೆತಿದೆ, ಕ್ಯಾರಲ್ ತಂಡದ ಹೊಣೆ ಅವನದೇ. ಈಚಿನ ಜಗಳ ಡ್ರಮ್ಸಿನದು. ಹೊಸ ಸಭೆಗಳಿಂದ ಬಂದ ಹುಡುಗರಿಗೆ ಡ್ರಮ್ಸ್, ಕೀಬೋರ್ಡ್ ಇಲ್ಲದೆ ಹಾಡು ಹತ್ತುವುದಿಲ್ಲ. ನಮ್ಮ ಬಾಸ್ ಸಾಲಿನ ಮುದುಕರಿಗೆ ಅದರ ಸದ್ದಿನಲ್ಲಿ ನಮ್ಮ ದನಿ ನಮಗೇ ಕೇಳುವುದಿಲ್ಲ. ಎರಡು ಹಾಡಿಗೆ ಡ್ರಮ್ಸ್, ಮರಿಯಳ ಸ್ತೋತ್ರಕ್ಕೆ ಹಾರ್ಮೋನಿಯಂ ಮಾತ್ರ ಎಂದು ಅವನೇ ತೀರ್ಪು ಕೊಟ್ಟ. ಹಳಬರಿಗೂ ಪೂರ್ತಿ ಸಮಾಧಾನವಿಲ್ಲ, ಹೊಸಬರಿಗೂ ಇಲ್ಲ. ಮುಂದಿನ ಶನಿವಾರದ ಅಭ್ಯಾಸವನ್ನು ಮಾತ್ರ ಯಾರೂ ತಪ್ಪಿಸುವುದಿಲ್ಲ ಎಂದಿದ್ದಾರೆ, ವಾದ ಅರ್ಧಕ್ಕೆ ನಿಂತಿದೆಯಲ್ಲ.