ಉಳಿತಾಯವನ್ನು ಯಾರ ಖಾತೆಗೆ ಬರೆಯಬೇಕು?

ಬಳ್ಳಾರಿಯ ಗಾಂಧಿನಗರದಲ್ಲಿ ಮನೆ ಮಾಡಿಕೊಂಡಿರುವವನಿಗೆ ಬಿಸಿಲಿನ ವಿಚಾರವಾಗಿ ಯಾರೂ ಪಾಠ ಹೇಳಬೇಕಾಗಿಲ್ಲ. ಫೆಬ್ರವರಿ ಅರ್ಧ ಕಳೆಯುವಷ್ಟರಲ್ಲಿಯೇ ನಮ್ಮ ಕೋಟೆಯ ಬಂಡೆ ಕಾಯತೊಡಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅದು ರಾತ್ರಿಯೂ ತಣ್ಣಗಾಗುವುದಿಲ್ಲ. ನಲವತ್ತು ವರ್ಷಗಳಿಂದ ಈ ಊರಿನಲ್ಲಿ ನನ್ನೊಡನೆ ಸಂಸಾರ ಸಾಗಿಸಿಕೊಂಡು ಬಂದಿರುವ ನನ್ನ ಧರ್ಮಪತ್ನಿಗೆ ಮಂಜು ಮುಸುಕಿದ ಬೆಟ್ಟದ ಊರೊಂದನ್ನು ಒಮ್ಮೆಯಾದರೂ ನೋಡಬೇಕೆಂಬ ಆಸೆಯಿತ್ತು. ಕಿರಾಣಿ ಅಂಗಡಿಯ ನೆಪ ಹೇಳಿ ನಾನು ಅದನ್ನು ಮುಂದೂಡುತ್ತಲೇ ಬಂದಿದ್ದೆ.

ಕಳೆದ ಚಳಿಗಾಲದಲ್ಲಿ ಬೆಂಗಳೂರಿನಲ್ಲಿರುವ ನಮ್ಮ ಮಗ ತಾನೇ ಮುಂದಾಗಿ, ಕೊಡಗಿನ ರೆಸಾರ್ಟ್ ಒಂದರಲ್ಲಿ ಕೊಠಡಿ ಕಾದಿರಿಸುವುದಾಗಿ ಹೇಳಿದನು. ಬಾಡಿಗೆ ಒಂದು ರಾತ್ರಿಗೆ 16,000 ರೂಪಾಯಿ! ನಾನು ಒಪ್ಪಲಿಲ್ಲ. 2006ರ ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿ ಶ್ರವಣಬೆಳಗೊಳದಲ್ಲಿ ನಾನು ಭೋಗೋಪಭೋಗ ಪರಿಮಾಣ ವ್ರತವನ್ನು ಸ್ವೀಕರಿಸಿದ್ದೇನೆ ಎಂಬುದು ನಾನು ಕೊಟ್ಟ ಕಾರಣ. ಜಿಪುಣತನವೂ ಅದರ ಜೊತೆಗೆ ಸೇರಿತ್ತೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಆಗ ಕಾಲೇಜಿನಲ್ಲಿ ಓದುವ ಮೊಮ್ಮಗ ಒಂದು ಉಪಾಯ ಹೇಳಿದನು. “ತಾತ, ನಾವು ಗೆಳೆಯರು ಹೋಗುವ ಹಾಗೆ ಹೋಗೋಣ. ಬೆನ್ನಿಗೊಂದು ಚೀಲ, ಸರಕಾರಿ ಬಸ್ಸು, ಸಣ್ಣ ಕೋಣೆ. ಬೆಟ್ಟ ನೋಡುವುದಕ್ಕೆ ದುಡ್ಡು ಯಾರೂ ಕೇಳುವುದಿಲ್ಲ.” ಮಾತು ನನಗೆ ಹಿಡಿಸಿತು. ಮೂವರಿಗೂ ಸೇರಿ 9,000 ರೂಪಾಯಿಯ ಮಿತಿಯನ್ನು ಗೊತ್ತುಮಾಡಿ, ಅಂಗಡಿಯಿಂದ ಹೊಸ ಲೆಕ್ಕದ ಪುಸ್ತಕವೊಂದನ್ನು ತಂದೆನು.

ಪಿಂಛಿ, ಕಮಂಡಲುಗಳನ್ನಷ್ಟೇ ಹಿಡಿದು ದೇಶವನ್ನೆಲ್ಲ ಪಾದವಿಹಾರದಿಂದ ಸಂಚರಿಸುವ ಮುನಿಗಳ ಪರಂಪರೆ ನಮ್ಮದು. ಆದರೂ ಮೂರು ದಿನಗಳ ಪ್ರಯಾಣಕ್ಕೆ ಚೀಲ ತುಂಬಿಸಲು ಕುಳಿತಾಗ ಗೃಹಸ್ಥನಿಗೆ ಎಷ್ಟೊಂದು ವಸ್ತುಗಳು ಅನಿವಾರ್ಯವೆನಿಸುತ್ತವೆ! ಎರಡು ಬಾರಿ ತುಂಬಿ, ಎರಡು ಬಾರಿ ತೆಗೆದೆವು. ಕೊನೆಗೆ ಎರಡೆರಡು ಜೊತೆ ಬಟ್ಟೆ, ಒಂದೊಂದು ಶಾಲು, ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಕ್ಕಿ, ಹೆಸರುಬೇಳೆ ಮತ್ತು ಒಂದು ಸಣ್ಣ ಕುಕ್ಕರ್ ಉಳಿದವು. ಹಗುರವಾದ ಚೀಲವನ್ನು ಹೆಗಲಿಗೇರಿಸಿದಾಗ ಮನಸ್ಸೂ ಅಷ್ಟೇ ಹಗುರವಾಯಿತು.

ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮರುದಿನ ಬೆಳಿಗ್ಗೆ ಮೈಸೂರಿನಲ್ಲಿ ಇಳಿದೆವು. ರೈಲಿನಲ್ಲಿ ಹಿರಿಯ ನಾಗರಿಕರಿಗಿದ್ದ ರಿಯಾಯಿತಿ 2020ರಲ್ಲಿ ನಿಂತುಹೋಗಿರುವುದರಿಂದ ಅಲ್ಲಿ ಪೂರ್ತಿ ದರವನ್ನೇ ತೆತ್ತೆವು. ಕೊಡಗಿಗೆ ರೈಲುಮಾರ್ಗವಿಲ್ಲ, ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್ ಬಸ್ಸಿನ ದಾರಿ. ರಾಜ್ಯ ಸಾರಿಗೆ ಬಸ್ಸಿನಲ್ಲಿ ನನಗೆ ವಯಸ್ಸಿನ ರಿಯಾಯಿತಿ ದೊರೆಯಿತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ನನ್ನ ಪತ್ನಿಗೆ ಶೂನ್ಯ ದರದ ಚೀಟಿ ಸಿಕ್ಕಿತು. ಅವಳು ಆ ಚೀಟಿಯನ್ನು ಜೋಪಾನವಾಗಿ ಮಡಿಸಿ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡಳು.

ಮಡಿಕೇರಿಯನ್ನು 1681ರಲ್ಲಿ ಹಾಲೇರಿ ವಂಶದ ಮುದ್ದುರಾಜನು ತನ್ನ ರಾಜಧಾನಿಯಾಗಿ ಕಟ್ಟಿಸಿದನು. ‘ಮುದ್ದುರಾಜನ ಕೇರಿ’ ಎಂಬುದೇ ಕ್ರಮೇಣ ಮಡಿಕೇರಿಯಾಯಿತೆಂದು ಹೇಳುತ್ತಾರೆ. ಸಮುದ್ರ ಮಟ್ಟದಿಂದ 1,100 ಮೀಟರಿಗೂ ಮೇಲಿರುವ ಈ ಊರು ಇಂದು ಹಣವಂತರ ವಿಹಾರಸ್ಥಾನ. ಆದರೆ ಅದರ ಉತ್ತಮವಾದದ್ದೆಲ್ಲ ಕಾಲ್ನಡಿಗೆಯವನಿಗೂ ಸಿಗುವಂಥದೇ ಎಂಬುದನ್ನು ಎರಡು ದಿನಗಳಲ್ಲಿ ಕಂಡುಕೊಂಡೆವು. ಕೋಟೆಯೊಳಗಿನ ಅರಮನೆಯ ಅಂಗಳ, ಅಲ್ಲಿ ನಿಂತಿರುವ ಎರಡು ಗಾರೆಯ ಆನೆಗಳು, ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದ, ಗುಮ್ಮಟವೂ ಕೊಳವೂ ಉಳ್ಳ ಓಂಕಾರೇಶ್ವರ ದೇವಾಲಯ, ಊರಿನ ಅಂಚಿನಲ್ಲಿರುವ ಅರಸರ ಗದ್ದಿಗೆಗಳು – ಇವನ್ನೆಲ್ಲ ನಡೆದೇ ನೋಡಿದೆವು. ದಾರಿಯುದ್ದಕ್ಕೂ ಅಂಗಡಿಗಳಲ್ಲಿ ಜೇನಿನ ಬಾಟಲಿಗಳನ್ನು ಜೋಡಿಸಿದ್ದರು. ನಾವು ಜೇನನ್ನು ಮುಟ್ಟುವವರಲ್ಲವಾದ್ದರಿಂದ ಆ ಖರ್ಚೂ ಉಳಿಯಿತು.

ಸಂಜೆ ರಾಜಾಸೀಟಿಗೆ ಹೋದೆವು. ಕೊಡಗಿನ ಅರಸರು ಕುಳಿತು ಸೂರ್ಯಾಸ್ತ ನೋಡುತ್ತಿದ್ದ ಸ್ಥಳವದು. ಈಗ ಅಲ್ಪ ಶುಲ್ಕ ತೆತ್ತವರೆಲ್ಲರೂ ಅಲ್ಲಿ ಅರಸರೇ. ಕಣಿವೆಯಿಂದ ಮೇಲೆದ್ದು ಬಂದ ಮಂಜು ಒಂದೊಂದೇ ಬೆಟ್ಟವನ್ನು ಮರೆಮಾಡುತ್ತಿದ್ದಾಗ ನನ್ನ ಪತ್ನಿ ಮಾತಿಲ್ಲದೆ ನಿಂತಿದ್ದಳು. ಮರುದಿನ ಬಸ್ಸಿನಲ್ಲಿ ಭಾಗಮಂಡಲಕ್ಕೂ ತಲಕಾವೇರಿಗೂ ಹೋಗಿಬಂದೆವು. ದಾರಿಯಲ್ಲಿ ತೋಟದ ಕಣಗಳಲ್ಲಿ ಕಾಫಿ ಹಣ್ಣು ಒಣಗುತ್ತಿತ್ತು. ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳನ್ನು ಕಂಡು, ಅಂಗಡಿಯಲ್ಲಿ ಮೂಟೆಯಾಗಿಯೇ ಕಂಡಿದ್ದ ಸರಕಿನ ತವರನ್ನು ನಾನು ಮೊದಲ ಸಲ ನೋಡಿದೆನು.

ಇಲ್ಲಿಯವರೆಗಿನದು ಸುಖದ ವೃತ್ತಾಂತ. ಈ ಲೇಖನವನ್ನು ಬರೆಯಲು ಕಾರಣವಾದದ್ದು ನಾವು ಇಳಿದುಕೊಂಡಿದ್ದ ಮನೆಯ ವಿಚಾರ.

ಬಸ್ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯಲ್ಲಿ, ಇಳಿಜಾರಿನ ಬೀದಿಯೊಂದರಲ್ಲಿ, ವಯಸ್ಸಾದ ತಾಯಿಯೊಬ್ಬರು ತಮ್ಮ ಮನೆಯ ಹಿಂಭಾಗದ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಿದ್ದರು. ದಿನಕ್ಕೆ 1,400 ರೂಪಾಯಿ ಎಂದರು. ವಾರದ ನಡುವಿನ ದಿನ. ಎರಡು ಕೋಣೆಗಳೂ ಖಾಲಿ. ಇದಿರಿನವನ ಸರಕು ಬಿಕರಿಯಾಗದೆ ಉಳಿದಿದೆಯೆಂಬುದನ್ನು ವ್ಯಾಪಾರಿಯ ಕಣ್ಣು ಕ್ಷಣದಲ್ಲಿ ಗುರುತಿಸುತ್ತದೆ. ನಾನು ಚೀಲವನ್ನು ಹೆಗಲಿಂದ ಇಳಿಸದೆ, ಹೊರಡುವವನಂತೆ ಎರಡು ಸಲ ಮೆಟ್ಟಿಲ ತನಕ ಹೋಗಿ, 900 ರೂಪಾಯಿಗೆ ಇಳಿಸಿದೆನು. ಎರಡು ರಾತ್ರಿಗೆ 1,000 ರೂಪಾಯಿ ಉಳಿಯಿತೆಂದು ಪುಸ್ತಕದಲ್ಲಿ ಬರೆದು ಅಡಿಗೆರೆಯನ್ನೂ ಎಳೆದೆನು.

ಆ ತಾಯಿ ಮಾತ್ರ ಯಾವ ಕೊರತೆಯನ್ನೂ ಮಾಡಲಿಲ್ಲ. ಸೂರ್ಯಾಸ್ತಕ್ಕೆ ಮುನ್ನ ನಮ್ಮ ಊಟ ಮುಗಿಯಬೇಕೆಂದು ತಿಳಿದು ಹಿಂದಿನ ಜಗಲಿಯಲ್ಲಿ ಒಲೆಯನ್ನು ಬಿಟ್ಟುಕೊಟ್ಟರು. ನಸುಕಿನಲ್ಲಿ ಎದ್ದು ಸೌದೆ ಉರಿಸಿ ಮೂವರಿಗೂ ಸ್ನಾನದ ನೀರು ಕಾಯಿಸಿದರು. ಇದಕ್ಕೆಂದು ಪ್ರತ್ಯೇಕವಾಗಿ ಏನನ್ನೂ ಕೇಳಲಿಲ್ಲ.

ಎರಡನೆಯ ರಾತ್ರಿ ನಾನು ಲೆಕ್ಕ ಕೂಡಿಸುತ್ತಿದ್ದಾಗ ಪತ್ನಿ ಹೇಳಿದಳು: 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮೇಲೆ ಬಹಳ ಕಾಲ ಈ ಮನೆಗೆ ಪ್ರವಾಸಿಗರು ಬರಲಿಲ್ಲವಂತೆ, ಚೇತರಿಸಿಕೊಳ್ಳುವಷ್ಟರಲ್ಲಿ 2020ರ ಕೊರೊನಾ ಬಂತಂತೆ, ಕೋಣೆಗಳಿಗಾಗಿ ಮಾಡಿದ ಸಾಲ ಇನ್ನೂ ತೀರಿಲ್ಲವಂತೆ, ಹೊದಿಕೆ ಒಗೆಯುವವಳಿಗೆ, ಸೌದೆಗೆ, ಅನಿಲಕ್ಕೆ ಕೊಟ್ಟರೆ 900ರಲ್ಲಿ ಏನೂ ಉಳಿಯುವುದಿಲ್ಲವಂತೆ. “ಹಾಗಾದರೆ ಅವರು ಒಪ್ಪಿದ್ದೇಕೆ?” ಎಂದೆನು. “ಖಾಲಿ ಕೋಣೆಗಿಂತ ಜನ ಇರುವುದು ಮೇಲು ಅಂತ ಒಪ್ಪಿದರಂತೆ” ಎಂದಳು.

ಮೊಮ್ಮಗ ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿಕೊಂಡನು. “ತಾತ, ಜಮೆಯಾದ ಪ್ರತಿಯೊಂದಕ್ಕೂ ಎಲ್ಲಿಯೋ ಒಂದು ಖರ್ಚು ಇರಬೇಕು ಅಂತ ನೀವೇ ನನಗೆ ಕಲಿಸಿದ್ದು. ಈ ಸಾವಿರ ನಮಗೆ ಜಮೆಯಾಗಿದೆ. ಇದು ಯಾರ ಖರ್ಚು?”

ನಾನು ಬಿ.ಕಾಂ. ಓದಿದವನು, ಜೋಡಿ ನಮೂದು ಪದ್ಧತಿಯಲ್ಲಿ ನಲವತ್ತು ವರ್ಷ ಲೆಕ್ಕವಿಟ್ಟವನು. ಉತ್ತರ ನನಗೆ ಗೊತ್ತಿತ್ತು. ಹೇಳಲು ನಾಲಿಗೆ ಏಳಲಿಲ್ಲ. ಆ ರಾತ್ರಿ ಚಳಿಯಿದ್ದರೂ ನನಗೆ ನಿದ್ರೆ ಬರದಿದ್ದುದಕ್ಕೆ ಚಳಿ ಕಾರಣವಾಗಿರಲಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾತಿ ಆಚಾರ್ಯರು ಅಚೌರ್ಯ ಅಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು: ಕೊಡುವಾಗ ಕಡಿಮೆ ಅಳೆಯುವುದು, ಕೊಳ್ಳುವಾಗ ಹೆಚ್ಚು ಅಳೆಯುವುದು. ನನ್ನ ಅಂಗಡಿಯ ತಕ್ಕಡಿಯಲ್ಲಿ ಒಂದು ಗುಂಜಿಯ ದೋಷವೂ ಇಲ್ಲವೆಂದು ಹೆಮ್ಮೆಪಡುತ್ತಿದ್ದವನು ನಾನು. ಆದರೆ ಬೇರೊಬ್ಬರ ದುಡಿಮೆಯನ್ನು ಪೂರ್ತಿ ತೂಕದಲ್ಲಿ ಪಡೆದು, ಅವರ ಅಡಚಣೆಯನ್ನು ಬಟ್ಟಾಗಿಟ್ಟುಕೊಂಡು ಬೆಲೆಯನ್ನು ಕಡಿಮೆ ತೂಗಿಕೊಟ್ಟರೆ, ಅದು ಆ ಅತಿಚಾರಕ್ಕೆ ಎಷ್ಟು ದೂರ? ಅವರು ಒಪ್ಪಿದ್ದರೆಂಬ ಮಾತು ಕಾನೂನಿಗೆ ಸಾಕಾಗಬಹುದು, ವ್ರತಕ್ಕೆ ಸಾಲದು.

ಬೆಳಿಗ್ಗೆ ಹೊರಡುವ ಮುನ್ನ ಎರಡು ದಿನದ 2,800 ರೂಪಾಯಿಯನ್ನೂ, ಸೌದೆ ಅನಿಲಗಳಿಗೆಂದು 200 ರೂಪಾಯಿಯನ್ನೂ ಅವರ ಕೈಗಿತ್ತೆನು. ಅವರು ಎಣಿಸಿ ನೋಡಿ 200ನ್ನು ಹಿಂದಿರುಗಿಸಿದರು. “ಕೋಣೆಯ ದರ ಇಷ್ಟೇ. ನೀರು ಕಾಯಿಸಿದ್ದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ” ಎಂದರು. ಉಪಕಾರ ಪಡೆದ ಭಾವ ಅವರ ಮುಖದಲ್ಲಿರಲಿಲ್ಲ; ಇರಬೇಕಾದುದೂ ಅಲ್ಲ. ಬರಬೇಕಾದುದು ಬಂದಿತ್ತು, ಅಷ್ಟೆ.

ಅಲ್ಲಿಂದ ಸೋಮವಾರಪೇಟೆಯ ದಾರಿಯಾಗಿ ಶನಿವಾರಸಂತೆಯ ಸಮೀಪದ ಮುಳ್ಳೂರಿಗೆ ಹೋದೆವು. ಕೊಂಗಾಳ್ವ ಅರಸರ ಕಾಲದ, 11ನೆಯ ಶತಮಾನದ ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ ಬಸದಿಗಳು ಅಲ್ಲಿವೆ. ಕೊಡಗಿಗೆ ಹೋಗುವ ನಮ್ಮ ಸಮಾಜದ ಅನೇಕರು ಇವನ್ನು ನೋಡದೆಯೇ ಮರಳುತ್ತಾರೆ. ನಾವು ಹೋದಾಗ ಅಲ್ಲಿ ಬೇರೆ ಯಾರೂ ಇರಲಿಲ್ಲ. ಬಸದಿಗೆ ದತ್ತಿ ಬಿಟ್ಟ ವಿಚಾರ ಅಲ್ಲಿನ ಶಾಸನಗಳಲ್ಲಿದೆ. ಕೊಟ್ಟದ್ದನ್ನು ಕಲ್ಲಿನಲ್ಲಿ ಬರೆಯಿಸಿದ ಪರಂಪರೆಯಲ್ಲಿ ಹುಟ್ಟಿದ ನಾನು ಉಳಿಸಿದ್ದನ್ನು ಪುಸ್ತಕದಲ್ಲಿ ಬರೆದು ಅಡಿಗೆರೆ ಎಳೆದಿದ್ದೆನಲ್ಲಾ ಎಂದು ಆ ನೆರಳಿನಲ್ಲಿ ಕುಳಿತಾಗ ನಾಚಿಕೆಯಾಯಿತು.

ಹಾಸನದ ಮಾರ್ಗವಾಗಿ ಮನೆ ಸೇರಿದಾಗ ಒಟ್ಟು ಖರ್ಚು 7,240 ರೂಪಾಯಿಯಾಗಿತ್ತು. ಪೂರ್ಣ ಬಾಡಿಗೆ ಕೊಟ್ಟ ಮೇಲೆಯೂ ಮಿತಿಯೊಳಗೇ ಇದ್ದೆವು! ಹಾಗಾದರೆ ಆ ಚೌಕಾಶಿ ಯಾವ ಅಗತ್ಯಕ್ಕಾಗಿ ನಡೆದಿತ್ತು?

ಈ ಅನುಭವದಿಂದ ನನಗೆ ತೋಚಿದ್ದನ್ನು ಓದುಗರ ಮುಂದಿಡುತ್ತೇನೆ. ಉಳಿತಾಯಕ್ಕೆ ಮೂರು ಮೂಲಗಳಿವೆ. ಬಾಡಿಗೆ ಕಾರನ್ನು ಬಿಟ್ಟು ನಡೆದದ್ದು, ಚೀಲವನ್ನು ಹಗುರ ಮಾಡಿದ್ದು, ರೊಟ್ಟಿ ತಿಂದು ತೃಪ್ತಿಪಟ್ಟದ್ದು – ಇದು ನಮ್ಮ ಸ್ವಂತ ಸುಖದಿಂದ ಕಳೆದ ಉಳಿತಾಯ; ಇದೇ ನಿಜವಾದ ಪರಿಮಾಣ ವ್ರತ. ಬಸ್ಸಿನ ರಿಯಾಯಿತಿ, ಉಚಿತ ಚೀಟಿ – ಇದು ಸಮಾಜ ತನ್ನ ಬೊಕ್ಕಸದಿಂದ ಕೊಟ್ಟದ್ದು, ಕೃತಜ್ಞತೆಯಿಂದ ಪಡೆಯಬಹುದು. ಮೂರನೆಯದು ದುಡಿಯುವವರ ಕೂಲಿಯಿಂದ ಕತ್ತರಿಸಿದ್ದು. ಅದಕ್ಕೆ ಅಪರಿಗ್ರಹವೆಂಬ ಹೆಸರಿಡುವುದು ಸಲ್ಲದು.

ನಮ್ಮ ಕ್ಷೇತ್ರಗಳ ಯಾತ್ರಿನಿವಾಸಗಳಿಗೂ ಇದು ಅನ್ವಯಿಸುತ್ತದೆ. ಯಾತ್ರಿಕರಿಗೆಂದು ದಾನಿಗಳು ಕಟ್ಟಿಸಿದ ಕೋಣೆಯನ್ನು, ಬೆಲೆ ಕಡಿಮೆಯೆಂಬ ಒಂದೇ ಕಾರಣಕ್ಕೆ, ದರ್ಶನಕ್ಕೂ ಹೋಗದೆ ವಿಹಾರದ ವಸತಿಯಾಗಿ ಬಳಸಿಕೊಳ್ಳುವವರು ನಮ್ಮಲ್ಲಿಯೂ ಇದ್ದಾರೆ. ಅಂಥವರು ಹೋಟೆಲಿನ ದರಕ್ಕೂ ತಾವು ತೆತ್ತ ಕಾಣಿಕೆಗೂ ಇರುವ ಅಂತರವನ್ನು ಭಂಡಾರಕ್ಕೆ ಹಾಕಬೇಕು. ಟ್ರಸ್ಟಿನವರು ಅದನ್ನು ಕೇಳಲು ಸಂಕೋಚಪಡಬಾರದು. ಅಲ್ಲಿ ಕಸ ಗುಡಿಸುವವರ ಸಂಬಳವನ್ನು ನಿಗದಿ ಮಾಡುವಾಗಲೂ ಅಗ್ಗದ ಲೆಕ್ಕ ಹಾಕಬಾರದು ಎಂಬುದು ನನ್ನ ನಮ್ರ ನಿವೇದನೆ.

ಮುಂದಿನ ಫೆಬ್ರವರಿಯಲ್ಲಿ ಮತ್ತೆ ಮಡಿಕೇರಿಗೆ ಹೋಗಬೇಕೆಂದು ಪತ್ನಿ ಈಗಲೇ ಹೇಳಿಟ್ಟಿದ್ದಾಳೆ. ಅದೇ ಚೀಲ, ಅದೇ ಕುಕ್ಕರ್, ಅದೇ ಮನೆ. ಬಾಡಿಗೆಯ ಅಂಕಣದಲ್ಲಿ ದಿನಕ್ಕೆ 1,400 ಎಂದು ಮೊಮ್ಮಗ ಆಗಲೇ ಬರೆದಿಟ್ಟಿದ್ದಾನೆ.